ಸಾಯಲೊಪ್ಪದ ಸೇನಾಪತಿ

ನಿಯೆ ಫುಶೆಂಗ್ ಮೇಷ್ಟ್ರು ತಮ್ಮ ಅರವತ್ತೆಂಟು ವರ್ಷಗಳಲ್ಲಿ ನಲವತ್ತೊಂದನ್ನು ರಂಗದ ಮೇಲೆ ಸೇನಾಪತಿಯಾಗಿ ಕಳೆದವರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಸತ್ತವರಲ್ಲ.

ಸೇನಾಪತಿ ಎಂದರೆ ನಮ್ಮೂರಿನ ನಿಯೆ ಕುಲದ ಮೂಲಪುರುಷ ನಿಯೆ ಗಾಂಗ್. ಎರಡು ಸಾವಿರ ವರ್ಷಗಳ ಹಿಂದೆ ಫೆನ್ ನದಿಯ ದಡದಲ್ಲಿ ಮೂರು ಯುದ್ಧಗಳನ್ನು ಮಾಡಿ, ಎರಡನ್ನು ಗೆದ್ದು, ಮೂರನೆಯದರಲ್ಲಿ ಬಾಣ ತಗುಲಿ ಬಿದ್ದವನು. ಈ ಕಥೆಯನ್ನು ಸುತ್ತಲ ಊರುಗಳಲ್ಲಿ ಮೂರು ಅಂಕಗಳಲ್ಲಿ ಆಡುತ್ತಾರೆ, ನಮ್ಮೂರಿನಲ್ಲಿ ಎರಡೇ. ಎರಡನೆಯ ಅಂಕ ಮುಗಿದೊಡನೆ ಜಾಗಟೆ ಬಡಿದು, ಪಟಾಕಿ ಹಚ್ಚಿ, ಎಲ್ಲರೂ ಊಟಕ್ಕೆ ಏಳುತ್ತಾರೆ. ಹಿರಿಯನನ್ನು ಅವನದೇ ಅಂಗಳದಲ್ಲಿ ಕೊಲ್ಲುವ ಮಕ್ಕಳುಂಟೇ? ಪರಊರಿನಲ್ಲಿ ಆಡುವಾಗಲೂ ಮೇಷ್ಟ್ರು ಎರಡನೆಯ ಅಂಕದ ಕೊನೆಗೆ ಮೇಲಂಗಿಯನ್ನು ಬಿಚ್ಚಿ ಬೇರೆ ಕುಲದ ನಟನೊಬ್ಬನಿಗೆ ಹೊದಿಸುತ್ತಿದ್ದರು. ಸಾಯುವ ಕೆಲಸ ಅವನದು. “ನಿಯೆಗಳ ಸೇನಾಪತಿಗೆ ಮೂರನೇ ಅಂಕ ಬಂದ್ರೆ ಸಾಕು, ಹೊಟ್ಟೆ ಹಸಿಯುತ್ತೆ” ಎಂದು ಆ ಊರಿನವರು ಹಂಗಿಸುತ್ತಿದ್ದರು.

ನಾಟಕ ಮಂಡಳಿ ಮುಚ್ಚಿ ಆರು ವರ್ಷಗಳಾದವು. ಅಂದಿನಿಂದ ಆ ಕಂಠಕ್ಕೆ ಕೇಳುಗರೆಂದರೆ ಹಿತ್ತಿಲಿನ ಬಾತುಕೋಳಿಗಳು ಮತ್ತು ಮಡದಿ ಚ್ಯಾವ್‌ಯೆ. ಇವರಲ್ಲಿ ಬಾತುಕೋಳಿಗಳಾದರೂ ತಲೆಯೆತ್ತಿ ಕೇಳುತ್ತಿದ್ದವು.

ಹೀಗಿರುವಾಗ ಕಳೆದ ಶರತ್ಕಾಲದಲ್ಲಿ ತೈಯುವಾನ್ ನಗರದಿಂದ ಥಾನ್ ರುಯಿ ಎಂಬ ತರುಣಿ ಬಂದಳು. ಮೊಬೈಲಿನಲ್ಲಿ ಆಡುವ ಯುದ್ಧದ ಗೇಮ್ ಒಂದನ್ನು ಅವಳ ಕಂಪನಿ ಕಟ್ಟುತ್ತಿತ್ತು. ಆಡುವವರು ಹಳೆಯ ಕಾಲದ ಸೇನಾಪತಿಯೊಬ್ಬನನ್ನು ಆರಿಸಿಕೊಂಡು, ಅವನ ಕೈಗೆ ಸೈನ್ಯ ಕೊಟ್ಟು ಕಾದಾಡಿಸಬೇಕು. ಆ ಸಾಲಿನಲ್ಲಿ ನಿಯೆ ಗಾಂಗ್‌ಗೂ ಸ್ಥಾನ ದೊರೆತಿತ್ತು, ಅವನ ಮಾತುಗಳಿಗೊಂದು ಕಂಠ ಬೇಕಿತ್ತು. ಮೇಷ್ಟ್ರ ಹಳೆಯ ಧ್ವನಿಮುದ್ರಣವನ್ನು ಎಲ್ಲೋ ಕೇಳಿದ್ದ ಅವಳು ಹೇಳಿದಳು: “ಒಳ್ಳೆ ಕಂಠದವರು ನಗರದಲ್ಲಿ ಬೇಕಾದಷ್ಟಿದ್ದಾರೆ ಮೇಷ್ಟ್ರೇ. ನಿಮ್ಮ ಕಂಠದಲ್ಲಿ ತುಕ್ಕಿದೆ. ನಮಗೆ ಆ ತುಕ್ಕೇ ಬೇಕು.”

ಯಾರೂ ತಮ್ಮನ್ನು ಇಷ್ಟು ಚೆನ್ನಾಗಿ ಹೊಗಳಿರಲಿಲ್ಲವೆಂದು ಮೇಷ್ಟ್ರು ಮೂರು ದಿನ ಊರಿಡೀ ಹೇಳಿಕೊಂಡು ತಿರುಗಿದರು.

ಮಲಗುವ ಕೋಣೆಯ ಗೋಡೆಗಳಿಗೆಲ್ಲ ಚ್ಯಾವ್‌ಯೆಯ ಮದುವೆಯ ರಜಾಯಿಗಳನ್ನು ತೂಗುಹಾಕಿ, ಹೊರಗಿನ ಸದ್ದು ಒಳಬರದಂತೆ ಮಾಡಲಾಯಿತು. ಮುದ್ರಿಸಬೇಕಾದವು ಒಟ್ಟು ಇಪ್ಪತ್ತಾರು ಮಾತುಗಳು. ಮೊದಲನೆಯದು “ಮುನ್ನಡೆಯಿರಿ!” ಮೇಷ್ಟ್ರು ಪಾದ ಊರಿ, ಉಸಿರು ತುಂಬಿಕೊಂಡು, ಇಲ್ಲದ ಗಡ್ಡವನ್ನು ನೇವರಿಸಿ ಆರಂಭಿಸಿದರು. ಮಾತು ಮುಗಿಯುವಾಗ ಹತ್ತೊಂಬತ್ತು ಸೆಕೆಂಡುಗಳಾಗಿದ್ದವು.

“ಮೇಷ್ಟ್ರೇ, ಎರಡು ಸೆಕೆಂಡಲ್ಲಿ ಮುಗೀಬೇಕು.”

“ಎರಡು ಸೆಕೆಂಡಲ್ಲಿ ಸೈನಿಕ ಚಪ್ಪಲೀನೂ ಹಾಕ್ಕೊಳ್ಳಲ್ಲ ಕಣಮ್ಮ. ಎಲ್ಲಿಗೆ ಮುನ್ನಡೀತಾನೆ?”

ಬಾಗಿಲ ಬಳಿ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ ಚ್ಯಾವ್‌ಯೆ ಬಾಯಿ ಹಾಕಿದಳು. “ಏ ಮುದುಕಪ್ಪಾ, ನನ್ನ ಮೇಲೆ ‘ಚಹಾ!’ ಅಂತ ಕಿರುಚೋಕೆ ನಿನಗೆ ಅರ್ಧ ಸೆಕೆಂಡು ಸಾಕಾಗುತ್ತಲ್ಲ? ಸೈನ್ಯದ ಹತ್ರಾನೂ ಚಹಾ ಕೇಳು.”

ಉಪಾಯ ಫಲಿಸಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೈದು ಮಾತುಗಳು ಮುಗಿದವು. ಇಪ್ಪತ್ತಾರನೆಯದನ್ನು ಓದಿದ ಮೇಷ್ಟ್ರು ಕಾಗದವನ್ನು ನಾಲ್ಕಾಗಿ ಮಡಚಿ ಚಹಾದ ಲೋಟದ ಕೆಳಗಿಟ್ಟರು. ಅದರಲ್ಲಿದ್ದುದು ಇಷ್ಟೇ: “ಆಹ್… ನಾನು ಸತ್ತೆ.”

“ಇದು ನನ್ನಿಂದಾಗಲ್ಲ.”

“ಈ ಊರಲ್ಲಿ ಬೇಡ ಅಂದ್ರೆ ಪಕ್ಕದೂರಿಗೆ ಹೋಗೋಣ ಮೇಷ್ಟ್ರೇ.”

“ಊರು ದಾಟಿದ್ರೆ ನಾನು ನಿಯೆ ಅಲ್ದೆ ಹೋಗ್ತೀನಾ?”

ಥಾನ್ ರುಯಿ ಬೇಸರದಿಂದಲೇ ನಿಯಮ ಹೇಳಿದಳು. ಒಬ್ಬ ಸೇನಾಪತಿಗೆ ಎರಡು ಕಂಠಗಳಿರುವಂತಿಲ್ಲ. ಕೊನೆಯ ಮಾತು ಮೇಷ್ಟ್ರದಲ್ಲವಾದರೆ ಮೊದಲ ಇಪ್ಪತ್ತೈದನ್ನೂ ಅಳಿಸಿ ಎಲ್ಲವನ್ನೂ ನಗರದ ನಟನಿಂದ ಹೇಳಿಸುತ್ತಾರೆ. ಸಂಜೆ ಐದರ ಬಸ್ಸಿಗೆ ಅವಳು ಹೊರಡಬೇಕು. ಆರು ವರ್ಷಗಳ ಬಳಿಕ ದೊರೆತ ಕೇಳುಗರು ಬಸ್ಸು ಹತ್ತಿ ಹೋಗುವುದನ್ನು ಆಗಲೇ ಕಂಡವರಂತೆ ಮೇಷ್ಟ್ರ ಹೆಗಲುಗಳು ಇಳಿದವು. ಕಡೆಗೆ ಎದ್ದು ಹೋಗಿ, ಕುಲಮಂದಿರದ ಬೀಗದ ಕೈ ಹಿಡಿದ ಎಂಬತ್ತಾರರ ದೊಡ್ಡಪ್ಪ ಬಾವ್‌ಶಾನ್‌ರನ್ನು ಕರೆತಂದರು. ನ್ಯಾಯ ಕೇಳಲು ಎಂದು ಬಾಯಲ್ಲಿ ಹೇಳಿದರೂ ಅವರಿಗೆ ಬೇಕಿದ್ದುದು ಅನುಮತಿ.

ದೊಡ್ಡಪ್ಪ ಎಲ್ಲವನ್ನೂ ಕೇಳಿಸಿಕೊಂಡರು. “ಅಲ್ಲಮ್ಮ, ಈ ಗೇಮಿನಲ್ಲಿ ನಮ್ಮ ಹಿರಿಯರು ಸಾಯ್ತಾರಾ?”

“ಆಡೋರು ಸೋತ್ರೆ ಬೀಳ್ತಾರೆ ಅಜ್ಜ. ಆದ್ರೆ ಹನ್ನೆರಡು ಸೆಕೆಂಡಿಗೆಲ್ಲ ಶಿಬಿರದಲ್ಲಿ ಎದ್ದು ನಿಂತ್ಕೋತಾರೆ.”

“ಎದ್ದು ನಿಲ್ತಾರಾ?”

“ಹೌದು. ಮತ್ತೆ ಯುದ್ಧಕ್ಕೆ ಹೋಗ್ತಾರೆ.”

ದೊಡ್ಡಪ್ಪ ಕೋಲನ್ನು ನೆಲಕ್ಕೆ ಕುಟ್ಟಿದರು. “ಹಾಗಾದ್ರೆ ಸತ್ತೆ ಅನ್ನೋದು ಸುಳ್ಳಲ್ವಾ? ನಮ್ಮಪ್ಪ ಸತ್ತು ಐವತ್ತು ವರ್ಷ ಆಯ್ತು, ಇನ್ನೂ ಎದ್ದಿಲ್ಲ. ಹನ್ನೆರಡು ಸೆಕೆಂಡಲ್ಲಿ ಏಳೋನು ಸತ್ತಿಲ್ಲ, ಎಲ್ಲೋ ಹೋಗಿ ಬಂದಿದ್ದಾನೆ. ಎಲ್ಲಿಗೆ ಹೋಗಿದ್ದ ಅಂತ ಹೇಳಿಸು. ನಿಯೆಗಳ ಬಾಯಲ್ಲಿ ಸುಳ್ಳು ಬೇಡ.”

ಚ್ಯಾವ್‌ಯೆ ಸಿಪ್ಪೆ ಉಗಿದು ನಕ್ಕಳು.

“ಸೋತ ಗಂಡಸರು ಎಲ್ಲಿಗೆ ಹೋಗ್ತಾರೆ ಅಂತ ನನ್ನ ಕೇಳಿ. ಮಾಜಾಂಗ್ ಆಟದಲ್ಲಿ ಸೋತಾಗೆಲ್ಲ ಈ ಮುದುಕಪ್ಪ ‘ಹಂದಿಗೆ ಮೇವು ಹಾಕಿ ಬರ್ತೀನಿ’ ಅಂತ ಎದ್ದು ಹೋಗ್ತಾನೆ. ನಮ್ಮ ಹಂದಿ ಸತ್ತು ಒಂಬತ್ತು ವರ್ಷ ಆಯ್ತು.”

“ಸೇನಾಪತಿ ಹಂದಿ ಸಾಕಿರಲಿಲ್ಲ ಕಣೇ” ಎಂದು ಮೇಷ್ಟ್ರು ಗದರಿದರು.

“ಕುದುರೆ ಇತ್ತಲ್ಲ? ಅದಕ್ಕೆ ನೀರು ಕುಡಿಸ್ಲಿ.”

ದೊಡ್ಡಪ್ಪ ತಲೆದೂಗಿದರು. ಥಾನ್ ರುಯಿ ಬರೆದುಕೊಂಡಳು: “ಕುದುರೆಗೆ ನೀರು ಕುಡಿಸಿ ಬರುತ್ತೇನೆ.” ಆದರೆ ಮೇಷ್ಟ್ರು ಅದನ್ನು ಗೆದ್ದವನ ಗತ್ತಿನಲ್ಲಿ ಗರ್ಜಿಸಿದರು. ಎರಡನೆಯ ಸಲವೂ ಹಾಗೆಯೇ ಆಯಿತು.

“ಸೋತಿದ್ದೀರಿ ಮೇಷ್ಟ್ರೇ” ಎಂದಳು ಅವಳು.

“ಸೋಲೋದು ನನಗೆ ಯಾರು ಕಲಿಸಿದ್ದಾರೆ?”

ಅದು ನಿಜ. ನಲವತ್ತೊಂದು ವರ್ಷಗಳೂ ಆ ಪಾಠ ಮತ್ತೊಬ್ಬನ ಪಾಲಾಗಿತ್ತು. ಬಸ್ಸಿಗೆ ಅರ್ಧ ಗಂಟೆಯಷ್ಟೇ ಉಳಿದಿತ್ತು. ಚ್ಯಾವ್‌ಯೆ ಈ ಬಾರಿ ನಗಲಿಲ್ಲ.

“ಮಂಡಳಿ ಮುಚ್ಚಿದ ದಿನ ನೀನು ವೇಷದ ಪೆಟ್ಟಿಗೆ ಹೊತ್ಕೊಂಡು ಮನೆಗೆ ಬಂದೆಯಲ್ಲ. ‘ಏನಾಯ್ತು’ ಅಂತ ಕೇಳಿದ್ದಕ್ಕೆ ‘ಏನಿಲ್ಲ, ಮುಖ ತೊಳ್ಕೊಂಡು ಬರ್ತೀನಿ’ ಅಂದೆ. ಹಾಗೆ ಹೇಳು.”

ಮೇಷ್ಟ್ರು ರಜಾಯಿಗಳತ್ತ ಮುಖ ತಿರುಗಿಸಿ ನಿಂತರು. ಪಾದ ಊರಲಿಲ್ಲ, ಗಡ್ಡವನ್ನೂ ನೇವರಿಸಲಿಲ್ಲ. ನೆರೆಯವನಿಗೆ ಹೇಳುವಷ್ಟೇ ಮೆತ್ತಗೆ ಅಂದರು: “ಕುದುರೆಗೆ ನೀರು ಕುಡಿಸಿ ಬರ್ತೀನಿ.”

ಥಾನ್ ರುಯಿ ಅದನ್ನು ಅಲ್ಲಿಂದಲೇ ನಗರಕ್ಕೆ ಕಳುಹಿಸಿದಳು. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು: ಮಾತು ಬದಲಾಗಿದ್ದರೂ ಪರವಾಗಿಲ್ಲ, ಸೇನಾಪತಿಗೆ ಈ ಕಂಠವೇ ಇರಲಿ.

ಮೇಷ್ಟ್ರು ನಗುವುದೋ ಅಳುವುದೋ ತಿಳಿಯದೆ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಮುದ್ರಿಸಿದ ಮಾತನ್ನು ಇನ್ನೊಮ್ಮೆ ಹಾಕಿಸಿಕೊಂಡು, ಕಿವಿಯನ್ನು ಮೊಬೈಲಿಗೆ ಒತ್ತಿ ಕೇಳಿದರು.

“ಸತ್ತ ಹಾಗೇ ಇದೆಯಲ್ಲೋ, ಮಗನೇ” ಎಂದರು ನಿಧಾನವಾಗಿ. ಬಳಿಕ ಕಣ್ಣೊರೆಸಿಕೊಂಡು ಥಾನ್ ರುಯಿಯತ್ತ ತಿರುಗಿದರು. “ದಿನಕ್ಕೆ ಎಷ್ಟು ಸಲ ನೀರು ಕುಡಿಸೋಕೆ ಹೋಗ್ತಾನಮ್ಮ?”

“ಆಡೋರು ಲಕ್ಷಾಂತರ ಜನ ಅಜ್ಜ. ದಿನಕ್ಕೆ ಲಕ್ಷ ಸಲ ಆದ್ರೂ ಆಗ್ಬಹುದು.”

“ಹಾಗಾದ್ರೆ ಫೆನ್ ನದಿ ಬತ್ತಿದ್ರೆ ನಮ್ಮನ್ನ ಕೇಳ್ಬೇಡಿ” ಎಂದು ದೊಡ್ಡಪ್ಪ ಕೋಲೂರಿ ಎದ್ದರು.