ಕಬ್ಬಿನ ಹೊಲದಲ್ಲಿ ಭುಜ ತಟ್ಟಿದ ಕೈ

ದೆವ್ವ, ಶಕುನ ಎಂದರೆ ನಗುತ್ತಿದ್ದವನು ನಾನು. ನಮ್ಮ ಕೆಲಸದಲ್ಲಿ ಕತ್ತಲೆಂದರೆ ಅಡಗಿಕೊಳ್ಳಲು ಅನುಕೂಲ, ಅಷ್ಟೇ. ಇದನ್ನು ಓದಿ ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಾನು ಸೇನೆಯ ವಿಶೇಷ ಪಡೆಯ ಅಧಿಕಾರಿ. ಊರು ಬಸವಕಲ್ಯಾಣ. ನಮ್ಮಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ತಂಡ ಕಟ್ಟುತ್ತೇವೆ. ತಂಡ ಕೈಗೆ ಹತ್ತಿತು ಎನ್ನುವಾಗ ಬಡ್ತಿ ಬರುತ್ತದೆ, ಜೊತೆಗೆ ದಿಲ್ಲಿಯಲ್ಲೊಂದು ಮೇಜಿನ ಕೆಲಸ. ಒಲ್ಲೆ ಎಂದರೆ ಹುಡುಗರ ಜೊತೆ ಇನ್ನಷ್ಟು ಕಾಲ ಇರಬಹುದು, ಆದರೆ ಮೇಲಿನ ಮೆಟ್ಟಿಲು ಮರೆಯಬೇಕು. ಕೆಲವು ವರ್ಷಗಳ ಹಿಂದೆ ನನಗೂ ಆ ಸರದಿ ಬಂತು. ಮರುದಿನ ಫೋನಿನಲ್ಲಿ ಉತ್ತರ ಹೇಳಬೇಕಿತ್ತು. ಆಗ ರಜೆಯಲ್ಲಿ ಹುಮನಾಬಾದಿನ ಅಕ್ಕನ ಮನೆಯಲ್ಲಿದ್ದೆ.

ಕಾರ್ಯಾಚರಣೆಯಲ್ಲಿ ಸಾಲಾಗಿ ನಡೆಯುವಾಗ ನಾವು ಮಾತಾಡುವುದಿಲ್ಲ. ಕೊನೆಯವನು ಮುಂದಿನವನ ಭುಜವನ್ನು ಎರಡು ಸಲ ತಟ್ಟುತ್ತಾನೆ. ಅದು ಒಬ್ಬರಿಂದೊಬ್ಬರಿಗೆ ದಾಟಿ ಎಲ್ಲರಿಗಿಂತ ಮುಂದಿರುವ ಅಧಿಕಾರಿಗೆ ಮುಟ್ಟುತ್ತದೆ. ಎಲ್ಲರೂ ಇದ್ದೇವೆ, ನಡೆ ಎಂದರ್ಥ. ನಮ್ಮ ಸಾಲಿನ ಕೊನೆಗೆ ಯಾವಾಗಲೂ ಒಬ್ಬ ಹವಾಲ್ದಾರ ಇರುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಹಿಮ ಕುಸಿದು ಅದರಡಿ ಸಿಕ್ಕಿ ಹೋಗಿಬಿಟ್ಟ. ನಾನು ದಿಲ್ಲಿಗೆ ಹೋದರೆ ಅವನನ್ನು ಆ ಹಿಮದಲ್ಲೇ ಬಿಟ್ಟು ನಡೆದಂತೆ ಎನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಹಳ್ಳಿಖೇಡದ ಕಡೆ ಇರುವ ಅಕ್ಕನ ಹೊಲಕ್ಕೆ ಹೋಗಿದ್ದೆವು. ಕಬ್ಬಿನ ನಡುವೆ ಒಬ್ಬರೇ ಹಿಡಿಸುವಷ್ಟು ದಾರಿ. ಅಕ್ಕ ಮುಂದೆ, ನಾನು ಹಿಂದೆ.

"ಕುರ್ಚಿ ತಾನೇ ಬಂದದ, ಸುಮ್ನ ಕೂಡು ತಮ್ಮಾ. ಇನ್ನೆಷ್ಟ ದಿನ ಗುಡ್ಡ ಸುತ್ತತಿ?" ಎನ್ನುತ್ತ ನಡೆದಿದ್ದಳು.

ಆಗ ನನ್ನ ಭುಜದ ಮೇಲೆ ಎರಡು ಸಲ ತಟ್ಟಿತು. ಕಬ್ಬಿನ ಗರಿ ತಾಗಿದ್ದಲ್ಲ, ಅದು ಅಂಗೈ. ಯೋಚಿಸುವ ಮೊದಲೇ ನನ್ನ ಕೈ ಅಕ್ಕನ ಭುಜವನ್ನು ತಟ್ಟಿತ್ತು.

"ಯಾಕೋ, ಹೊಡಿಯಾಕತ್ತಿ?"

"ಹಿಂದಿನವ್ರೆಲ್ಲ ಬಂದಾರ, ನಡಿ ಅಕ್ಕಾ," ಎಂದುಬಿಟ್ಟೆ.

ಅವಳು ತಿರುಗಿ ನನ್ನ ಬೆನ್ನ ಹಿಂದೆ ನೋಡಿದಳು. "ಹಿಂದ ಯಾರದಾರೋ? ನಾವಿಬ್ಬರೇ ಅದೀವಲ್ಲ."

ಹೊತ್ತು ಇನ್ನೂ ಮುಳುಗಿರಲಿಲ್ಲ. ದಾರಿ ಬರಿದಾಗಿತ್ತು. ದೂರದಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿನ ಸದ್ದು. ನನಗೆ ಹೆದರಿಕೆಯಾಗಲಿಲ್ಲ, ಅಳು ಬಂತು.

ಮರುದಿನ ಫೋನಿನಲ್ಲಿ ದಿಲ್ಲಿಯ ಕೆಲಸ ಒಪ್ಪಿಕೊಂಡೆ. ನಡೆ ಎಂದು ಆ ಹವಾಲ್ದಾರನೇ ಹೇಳಿದ ಮೇಲೆ ಇನ್ನೇನು ಎಂದುಕೊಂಡೆ. ಆದರೆ ನಡೆ ಎಂದದ್ದು ದಿಲ್ಲಿಗೋ, ಹುಡುಗರ ಬಳಿಗೋ? ಅಥವಾ ದಣಿದ ಮೈ ನನ್ನೊಡನೆ ಆಟವಾಡಿತೋ? ಇಂದಿಗೂ ತಿಳಿಯದು.

ಈಗ ಆಫೀಸಿನ ಉದ್ದನೆಯ ಕಾರಿಡಾರಿನಲ್ಲಿ ಒಬ್ಬನೇ ನಡೆಯುವಾಗ ಬೇಕೆಂದೇ ಹೆಜ್ಜೆ ನಿಧಾನಿಸುತ್ತೇನೆ. ಯಾರೂ ತಟ್ಟುವುದಿಲ್ಲ.