ಶ್ರಾವಣಕ್ಕೆ ಬಿಟ್ಟ ಸಿಟ್ಟು

ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದು ಹೋಗುವುದು ಶ್ರಾವಣಕ್ಕೇ. ಆ ತಿಂಗಳು ಒಬ್ಬರು ಉಳ್ಳಾಗಡ್ಡಿ ಬಿಡುತ್ತಾರೆ, ಇನ್ನೊಬ್ಬರು ಚಹಾ ಬಿಡುತ್ತಾರೆ. ನಾನು ಹೆಂಡತಿಯ ಒತ್ತಾಯಕ್ಕೆ ಸಿಟ್ಟು ಬಿಡುತ್ತೇನೆ. ಅಫಜಲಪುರದ ನಮ್ಮ ಓಣಿಗೆಲ್ಲ ಇದು ಗೊತ್ತು. ಹಾಲಿನವನೂ ಆ ತಿಂಗಳು ಧೈರ್ಯವಾಗಿ ನೀರು ಬೆರೆಸುತ್ತಾನೆ.

ಈ ಸಲ ಮಠದ ಪ್ರವಚನದಲ್ಲಿ ಸ್ವಾಮಿಗಳು, "ಗಿಡ ಎಲಿ ಬಿಟ್ಟಂಗ ನೀವು ಅಹಂಕಾರ ಬಿಡ್ರಿ, ಆಗ ಚಿಗುರತೀರಿ" ಅಂದರು. ಪಕ್ಕದ ಮನೆಯ ಶರಣಪ್ಪ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಕೊಡಲಿಯವನನ್ನು ಕರೆತಂದು ನಮ್ಮಿಬ್ಬರ ಮನೆ ನಡುವಿನ ಬೇವಿನ ಗಿಡದ ಬುಡದಲ್ಲಿ ನಿಲ್ಲಿಸಿದ. ನಮ್ಮವ್ವ ನೆಟ್ಟ ಗಿಡ ಅದು. ವೈಶಾಖದ ಬಿಸಿಲಿಗೆ ಇಡೀ ಓಣಿ, ಅವನ ತಾಯಿಯೂ ಸೇರಿ, ಅದರ ಕೆಳಗೇ ಕೂರುತ್ತದೆ.

"ಎಲಿ, ಹಣ್ಣು ಉದುರಿ ಹೊಸ ಟೈಲ್ಸ್ ಹೊಲಸಾಗಾಕತ್ತಾವ್ರಿ ಮಾಸ್ತರ್. ಹೆಂಗಿದ್ರೂ ಈ ತಿಂಗಳ ನಿಮಗ ಸಿಟ್ಟು ಬರಂಗಿಲ್ಲಲ್ರಿ" ಎಂದು ಹಲ್ಲು ಕಿರಿದ.

ಎಂಥ ಭಂಡ ನೋಡಿ! ನನ್ನ ವ್ರತವನ್ನೇ ಮುಹೂರ್ತ ಮಾಡಿಕೊಂಡಿದ್ದಾನೆ. ಮೈಯೆಲ್ಲ ಉರಿದುಹೋಯಿತು. ತುಟಿ ಕಚ್ಚಿಕೊಂಡು ಒಳಗೆ ಬಂದೆ.

ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹಿಟ್ಟಿನ ಕೈ ಮುಂದೆ ಚಾಚಿ, "ನಿಮ್ಮ ವ್ರತ ಒಂದೀಟು ಹೊತ್ತು ನನ್ನ ಕೈಯಾಗ ಕೊಡ್ರಿ, ನಾ ಹಿಡ್ಕೊಂಡಿರ್ತೇನಿ. ನೀವು ಹೋಗಿ ಒದರಿ ಬರ್ರಿ" ಎಂದಳು.

ಒದರಿದೆ. ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂತೆ ಒದರಿದೆ. "ಲೇ ಶರಣ್ಯಾ! ಗಿಡಕ್ಕ ಕೊಡ್ಲಿ ಹಚ್ಚಿ ನೋಡು! ನಿನ್ನೆ ಮಠದಾಗ ನೀ ಬಿಟ್ಟು ಬಂದಿದ್ದು ಅಹಂಕಾರನೋ, ನಾಚಿಗೀನೋ?"

ಕೊಡಲಿಯವನು ಬೀಡಿ ಆರಿಸಿ ಸೈಕಲ್ ಹತ್ತಿದ. ಶರಣಪ್ಪನ ತಾಯಿ ಹೊರಗೆ ಬಂದು, ಮಗನಿಗೆ ನನಗಿಂತ ಚೆನ್ನಾಗಿ ಬೈದು, ಗಿಡಕ್ಕೆ ಬೆನ್ನು ಕೊಟ್ಟು ಕುಳಿತಳು.

ಬೇವನ್ನು ವರ್ಷವೆಲ್ಲ ನೋಡುತ್ತೇನೆ. ಮಾಘದಲ್ಲಿ ಎಲೆ ಉದುರಿಸುತ್ತದೆ, ಚೈತ್ರದಲ್ಲಿ ಹೂ ಬಿಡುತ್ತದೆ, ಆಷಾಢದಲ್ಲಿ ಹಣ್ಣು ಕೆಡಹುತ್ತದೆ. ಯಾವ ಋತುವಿನಲ್ಲೂ ಕಹಿಯನ್ನು ಮಾತ್ರ ಬಿಟ್ಟದ್ದಿಲ್ಲ. ಬಿಟ್ಟಿದ್ದರೆ ಎಂದೋ ಹುಳ ಹಿಡಿದು ಹೋಗುತ್ತಿತ್ತು. ಆಗ ನಾವು ಯಾವ ನೆರಳಿನಲ್ಲಿ ಕೂತು ಶಾಂತಿಯ ಮಾತಾಡುತ್ತಿದ್ದೆವೋ!

ಇನ್ನೂ ಏದುಸಿರು ಬಿಡುತ್ತಲೇ ಒಳಗೆ ಬಂದು ನನ್ನ ವ್ರತ ವಾಪಸ್ ಕೇಳಿದೆ.

"ಶ್ರಾವಣ ಇನ್ನ ಮುಗಿದಿಲ್ಲ, ಅವನ ಟೈಲ್ಸೂ ಅಲ್ಲೇ ಅದಾವ" ಎಂದಳು ಹೆಂಡತಿ, ರೊಟ್ಟಿ ಮಗುಚುತ್ತಾ. "ನನ್ನ ಹತ್ರನ ಇರ್ಲಿ ತಗೋರಿ."