ತಾನೇ ಬರೆದು ತಾನೇ ಓದಿದ್ದು

ನನ್ನ ಅಕ್ಕನ ಗಂಡನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಟೇಪಣ್ಣ ಎಂದೇ ಕರೆಯುತ್ತಿದ್ದರು. ತಣ್ಣನೆಯ ಸರ್ವರ್ ಕೋಣೆ ಅವರ ರಾಜ್ಯ. ರೋಗಿಗಳ ಎಕ್ಸ್‌-ರೇ, ವರದಿ ಎಲ್ಲವನ್ನೂ ವಾರಕ್ಕೊಮ್ಮೆ ಟೇಪಿಗೆ ನಕಲು ಮಾಡಿ ಕಬ್ಬಿಣದ ಬೀರುವಿನಲ್ಲಿಡುವುದು ಅವರ ಕೆಲಸ. ಸರ್ವರ್ ಸುಟ್ಟುಹೋದರೂ ಟೇಪ್ ಇರುತ್ತದಲ್ಲ ಎಂಬ ಧೈರ್ಯ. ಭಾವ ಎಂದರೆ ನನಗೆ ಗೌರವವೇ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಅವರ ಸ್ವಭಾವ ಕಂಡರೆ ಮೈ ಉರಿಯುತ್ತಿತ್ತು.

ಟೇಪಿಗೆ ಬರೆಯುವ, ಅದರಿಂದ ಓದುವ ಯಂತ್ರ, ಆ ಟೇಪ್ ಡ್ರೈವ್‌ಗೆ ವಯಸ್ಸಾಗಿತ್ತು. ನಕಲು ದೊಡ್ಡದಾದಾಗಲೆಲ್ಲ ನಡುವೆ ದೋಷ ತೋರಿಸುತ್ತಿತ್ತು. ಟೇಪು ಮುಂದೆ ಹೋಗಿ, ನಿಂತು, ಹಿಂದೆ ಸರಿದು, ಅದೇ ಜಾಗದಲ್ಲಿ ಮತ್ತೆ ಬರೆಯಲು ಹೆಣಗುತ್ತಿತ್ತು. ಭಾವ ಕ್ಲೀನಿಂಗ್ ಟೇಪ್ ಓಡಿಸುತ್ತಿದ್ದರು, ಕೇಬಲ್ ಬದಲಿಸುತ್ತಿದ್ದರು, ಹೊಸ ಟೇಪ್ ತುರುಕುತ್ತಿದ್ದರು. ಹೇಗೋ ಮುಗಿದ ಮೇಲೆ ಅದೇ ಡ್ರೈವ್‌ನಲ್ಲಿ ಓದಿಸಿ ನೋಡಿದರೆ ಎಲ್ಲ ಸರಿ ಎಂದೇ ಬರುತ್ತಿತ್ತು. "ಇದರ ನಾಡಿ ನನಗೊಬ್ಬನಿಗೇ ಗೊತ್ತು" ಎಂದು ಮೀಸೆ ತಿರುವುತ್ತಿದ್ದರು.

ಅಕ್ಕನ ವಿಷಯದಲ್ಲೂ ಅದೇ ಮಾತು. ಲಕ್ವ ಹೊಡೆದ ಮೇಲೆ ಅವಳ ಬಲಭಾಗ ಸ್ವಾಧೀನ ತಪ್ಪಿತ್ತು, ಮಾತು ನಿಂತುಹೋಗಿತ್ತು. ಹೊರಡುತ್ತಿದ್ದದ್ದು ಒಂದೇ ಕೂಗು. ಅದಕ್ಕೆ ಅರ್ಥ ಹೇಳುವವರು ಭಾವ ಒಬ್ಬರೇ: ನೀರು ಬೇಕಂತೆ, ದಿಂಬು ಎತ್ತಬೇಕಂತೆ. ಮೂರು ವರ್ಷ ಅವಳನ್ನು ಮಗುವಿನಂತೆ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಸಂಜೆ ಅವರು ಕಿಟಕಿಯ ಹತ್ತಿರ ಹೋದರೆ ಸಾಕು, ಅಕ್ಕ ಕೂಗುತ್ತಿದ್ದಳು. "ಬೇಗ ಮುಚ್ಚು ಅಂತಾಳೆ. ಬೀದಿ ಗಲಾಟೆ ಇವಳಿಗೆ ಆಗಲ್ಲ" ಎನ್ನುತ್ತ ಭಾವ ಕದ ಎಳೆದು ಪರದೆ ಬಿಡುತ್ತಿದ್ದರು. ಅಕ್ಕ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. "ನೋಡಿದ್ಯಾ, ಈಗ ಸಮಾಧಾನ." ಅವಳನ್ನೇ ಕೇಳಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ, ಭಾವ ಇದ್ದರಲ್ಲ.

ಕೊನೆಗೊಂದು ದಿನ ಡ್ರೈವ್ ಪೂರ್ತಿ ಕೈಕೊಟ್ಟಿತು. ಹೊಸದು ಬಂತು. ಬೀರುವಿನಲ್ಲಿದ್ದ ಹಳೆಯ ಟೇಪುಗಳಲ್ಲಿ ಒಂದನ್ನೂ ಅದು ಓದಲಿಲ್ಲ. ಅದನ್ನು ಜೋಡಿಸಲು ಬಂದಿದ್ದ ಎಂಜಿನಿಯರ್ ಹಳೆಯ ಡ್ರೈವನ್ನು ಬಿಚ್ಚಿ ನೋಡಿದಳು.

"ಇದರ ಹೆಡ್, ಬರೆಯೋ ಓದೋ ಭಾಗ, ವಾರೆ ಆಗಿದೆ ಸಾರ್. ವಾರೆಯಾಗಿ ಬರೆದಿದೆ, ವಾರೆಯಾಗೇ ಓದಿದೆ. ಅದಕ್ಕೇ ಎಲ್ಲ ಸರಿ ಅಂತ ಬರ್ತಿತ್ತು. ಬೇರೆ ಡ್ರೈವ್‌ನಲ್ಲಿ ಒಂದ್ಸಲನಾದ್ರೂ ಓದಿಸಿ ನೋಡ್ಲಿಲ್ವಾ?"

ಸರ್ವರ್ ಗಟ್ಟಿಮುಟ್ಟಾಗಿತ್ತು, ಹೊಸದಾಗಿ ನಕಲು ಮಾಡಿದರಾಯಿತು, ಯಾರ ಗಂಟೂ ಹೋಗಲಿಲ್ಲ. ಆದರೆ ಭಾವನಿಗೆ ಏನೋ ಬಡಿದಂತಾಯಿತು. ಊಟದ ನಡುವೆ ತುತ್ತು ಹಿಡಿದು ಕೂತುಬಿಡುತ್ತಿದ್ದರು. ಅಕ್ಕ ಕೂಗಿದರೆ ಬೆಚ್ಚಿಬೀಳುತ್ತಿದ್ದರು. "ಅದೇ ಜಾಗದಲ್ಲಿ ಹಿಂದೆ ಮುಂದೆ ಆಗೋ ಸದ್ದು... ಆ ಹಳೇ ಡ್ರೈವ್ ಈ ಮನೇಲೇ ಓಡ್ತಿದೆ. ನಿನಗೆ ಕೇಳಿಸಲ್ವಾ?" ಎಂದು ನನ್ನನ್ನು ಕೇಳಿದರು. ನನಗೆ ಕೇಳಿಸಿದ್ದು ಅಕ್ಕನ ಕೂಗು ಮಾತ್ರ. ಭಯವಾಯಿತು.

ಒಂದು ಸಂಜೆ ನನ್ನನ್ನು ಅಕ್ಕನ ಕೋಣೆಗೆ ಕಳಿಸಿ ತಾವು ಬಾಗಿಲ ಹೊರಗೆ ನಿಂತರು. "ಅವಳಿಗೇನು ಬೇಕು ಅಂತ ಇವತ್ತು ನೀನೇ ಕೇಳು. ನಾನು ಹೇಳಿದ್ದನ್ನೆಲ್ಲ ಮರೆತುಬಿಡು."

ನಾನು ಅಕ್ಕನ ಎಡಗೈ ಹಿಡಿದೆ. "ಹೌದು ಅಂದ್ರೆ ಒತ್ತಕ್ಕಾ. ಇಲ್ಲ ಅಂದ್ರೆ ಕೈ ಬಿಟ್ಬಿಡು. ಸಂಜೆ ಕಿಟಕಿ ಮುಚ್ಚಬೇಕಾ?"

ಕೈ ಬಿಟ್ಟಳು.

ಮತ್ತೆ ಹಿಡಿದೆ. "ತೆಗೆದೇ ಇರಬೇಕಾ? ದಿನಾ ಇದನ್ನೇ ಹೇಳ್ತಿದ್ಯಾ?"

ಬೆರಳು ನೋಯುವಷ್ಟು ಒತ್ತಿದಳು. ಅವಳ ಕಣ್ಣಿಂದ ನೀರು ಇಳಿಯಿತು, ನನಗೂ ತಡೆಯಲಾಗಲಿಲ್ಲ.

ಭಾವ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಕಿಟಕಿಯ ಬಳಿ ಹೋಗಿ ಪರದೆ ಸರಿಸಿ, ಕದಗಳನ್ನು ಪೂರ್ತಿ ತೆರೆದರು. ಬೀದಿಯಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಭಾವ ಎರಡು ಕೈಯಲ್ಲೂ ಕಿಟಕಿಯ ಕಂಬಿ ಹಿಡಿದುಕೊಂಡರು.

"ನೀರು, ದಿಂಬು, ದೀಪ... ಉಳಿದಿದ್ದಾದ್ರೂ ಸರಿಯಾಗಿತ್ತಾ, ಕೇಳು."

ಕೇಳಿದೆ. ಅಕ್ಕ ಕೈ ಬಿಟ್ಟಳು. ಆಮೇಲೆ ಅದೇ ಕೈಯನ್ನು ಅವರ ಬೆನ್ನಿನ ಕಡೆಗೆ ಚಾಚಿದಳು.

"ಏನಂದ್ಲು?" ಭಾವ ತಿರುಗದೆಯೇ ಕೇಳಿದರು.

"ನಾನು ಹೇಳಲ್ಲ ಭಾವ. ಬಂದು ಕೈ ಹಿಡ್ಕೊಂಡು ನೀವೇ ಕೇಳಿ."

ಕಂಬಿ ಬಿಡಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಲ್ಲಿಯವರೆಗೂ ಅಕ್ಕನ ಕೈ ಚಾಚಿಯೇ ಇತ್ತು.